ರಿಂಗ್ ಆಗುತ್ತದೆ, ಮಾತು ಕೇಳುವುದಿಲ್ಲ: ಕ್ಲೌಡ್ ಫೋನಿಗೆ ಫೈರ್‌ವಾಲ್‌ನಲ್ಲಿ ದಾರಿ ಬಿಡುವ ಕೆಲಸ

ಬೆಳಗಾವಿಯ ಉದ್ಯಮಬಾಗದಲ್ಲಿರುವ ಒಂದು ಫೌಂಡ್ರಿ ಆಫೀಸಿನಿಂದ ಸೋಮವಾರ ಬೆಳಗ್ಗೆ ಫೋನ್ ಬಂತು. ಅಕೌಂಟ್ಸ್ ನೋಡಿಕೊಳ್ಳುವ ಅಕ್ಕಾರು, ತಮ್ಮ ಸ್ವಂತ ಮೊಬೈಲಿನಿಂದ. "ಹೊಸಾ ಫೋನ್ ಕೂಡ್ಸ್ಯಾರಲ್ರೀ, ರಿಂಗ್ ಆಗತೈತಿ, ಎತ್ತಿದ್ರ ಏನೂ ಕೇಳಂಗಿಲ್ಲ. ಪುಣೆದವ್ರು ಮೂರ್ ಸಲ ಮಾಡಿ ಸಿಟ್ಟಿಗೆದ್ದಾರ." ಆಫೀಸಿನ ಫೋನ್‌ಗಳನ್ನೆಲ್ಲ ಕೂಡಿಸುವ ಹಳೆಯ ಇಪಿಎಬಿಎಕ್ಸ್ ಡಬ್ಬಿ ಬಿಚ್ಚಿಟ್ಟು, ಅದೇ ಕೆಲಸವನ್ನು ಇಂಟರ್ನೆಟ್ ಮೇಲೆ ಮಾಡುವ ಕ್ಲೌಡ್ ಪಿಬಿಎಕ್ಸ್‌ಗೆ ಬಂದು ಎರಡೇ ದಿನ ಆಗಿತ್ತು. ಫೋನ್ ಕೂಡಿಸಿದವರು ಬೇರೆ, ಆಫೀಸಿನ ಇಂಟರ್ನೆಟ್ ಬಾಗಿಲು ಕಾಯುವ ಫೈರ್‌ವಾಲ್ ನೋಡಿಕೊಳ್ಳುವವನು ನಾನು. ಬೈಗುಳ ಇಬ್ಬರಿಗೂ ಸಮಪಾಲು.

ಆ ಆಫೀಸಿನಲ್ಲಿ ಅದೇ ವಾರ ಮೂರು ದೋಷ ಒಂದರ ಬೆನ್ನಿಗೆ ಒಂದು ಸಿಕ್ಕವು. ಮೂರೂ ಫೈರ್‌ವಾಲ್‌ನ ಅಲೋ ಲಿಸ್ಟಿನವೇ, ಅಂದರೆ ಯಾವುದಕ್ಕೆ ದಾರಿ ಬಿಡಬೇಕು ಅನ್ನುವ ರೂಲ್‌ಗಳ ಪಟ್ಟಿಯವು. ಕ್ಲೌಡ್ ಫೋನ್, ಟೀಮ್ಸ್, ಝೂಮ್ ಇಟ್ಟುಕೊಂಡು ಒದ್ದಾಡುವವರಿಗೆ ಬೇಕಾಗಬಹುದು ಅಂತ ನಾನು ನೋಡುತ್ತಾ ಹೋದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಎರಡು ಪ್ರಶ್ನೆ

ಹೋದ ಕೂಡಲೇ ಫೈರ್‌ವಾಲ್‌ಗೆ ಲಾಗಿನ್ ಆಗಬೇಡಿ. ಆ ಫೋನ್ ಬಳಸುವವರ ಹತ್ತಿರ ಕೂತು ಕೇಳಿ. ಮಾತು ಯಾವ ಕಡೆ ಕೇಳುವುದಿಲ್ಲ? ಕಟ್ ಆಗುವುದಾದರೆ ಎತ್ತಿದ ಮೇಲೆ ಎಷ್ಟನೇ ಸೆಕೆಂಡಿಗೆ?

"ಒಮ್ಮೊಮ್ಮೆ ಸರಿ ಬರಂಗಿಲ್ರಿ" ಅನ್ನುವ ಉತ್ತರ ಸಾಲದು. ಎದುರಿಗೇ ಒಂದು ಕರೆ ಮಾಡಿಸಿ, ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ ನೋಡಿ. ಫೈರ್‌ವಾಲ್ ಮಾಡುವ ತಪ್ಪು ಗಡಿಯಾರದಷ್ಟು ಕರಾರುವಾಕ್ಕಾಗಿರುತ್ತದೆ. ಒಮ್ಮೆ 10 ಸೆಕೆಂಡಿಗೆ, ಇನ್ನೊಮ್ಮೆ 4 ನಿಮಿಷಕ್ಕೆ ಕಟ್ ಆಗುತ್ತಿದ್ದರೆ ಅನುಮಾನ ಲೈನಿನ ಮೇಲೆ ಅಥವಾ ವೈಫೈ ಮೇಲೆ ಇರಲಿ. ಪ್ರತಿ ಸಲ ಅದೇ ಸೆಕೆಂಡಿಗೆ ಆಗುತ್ತಿದ್ದರೆ ಯಾವುದೋ ರೂಲ್, ಯಾವುದೋ ಟೈಮರ್ ಅದನ್ನು ಕೊಯ್ಯುತ್ತಿದೆ.

ಹೆಡ್‌ಸೆಟ್‌ನ ಮ್ಯೂಟ್ ಬಟನ್ ನೋಡುವುದನ್ನು ಮರೆಯಬೇಡಿ. ನಗಬೇಡಿ, ನಾನು ಖಾನಾಪುರ ರಸ್ತೆಯ ಟ್ರಾಫಿಕ್‌ನಲ್ಲಿ ಅರ್ಧ ತಾಸು ನಿಂತು ಹೋಗಿ ಬರೀ ಮ್ಯೂಟ್ ತೆಗೆದು ಬಂದದ್ದಿದೆ. ಇನ್ನೊಂದು, ತನ್ನ ಮಾತೇ ತಿರುಗಿ ಕೇಳುವ ದೂರು. ಗೋಳಗುಮ್ಮಟದೊಳಗೆ ಕೂತಂಗ ಆಗತೈತಿ ಅಂತ ವಿಜಯಪುರದವರೊಬ್ಬರು ಹೇಳಿದ್ದರು. ಅದು ಸ್ಪೀಕರ್ ಸದ್ದು ಮೈಕಿಗೆ ಹೋಗುವ ತೊಂದರೆ. ಫೈರ್‌ವಾಲ್ ಮುಟ್ಟುವ ಅಗತ್ಯವೇ ಇಲ್ಲ.

ಕರೆಗೆ ದಾರಿ ಒಂದಲ್ಲ, ಎರಡು

ಒಂದು ದಾರಿಯಲ್ಲಿ ಸುದ್ದಿ ಹೋಗುತ್ತದೆ: ಯಾರು ಯಾರಿಗೆ ಮಾಡಿದರು, ಎತ್ತಿದರಾ, ಇಟ್ಟರಾ. ಇದಕ್ಕೆ ಸಿಗ್ನಲಿಂಗ್ ಅನ್ನುತ್ತಾರೆ. ಇಂಟರ್ನೆಟ್ ಮೇಲೆ ನಡೆಯುವ ಐಪಿ ಫೋನಾದರೆ ಇದು ಸಿಪ್ ಅನ್ನುವ ನಿಯಮ, ಸಾಮಾನ್ಯವಾಗಿ ಪೋರ್ಟ್ (ಅಂದರೆ ಬಾಗಿಲ ನಂಬರ್) 5060, ಟಿಎಲ್‌ಎಸ್ ಗೂಢಲಿಪಿ ಹಾಕಿದ್ದರೆ 5061. ಟೀಮ್ಸ್, ಝೂಮ್ ಇತ್ಯಾದಿಗಳಲ್ಲಿ ಇದು ಟಿಸಿಪಿ 443ರಲ್ಲೇ ನಡೆಯುತ್ತದೆ. ಇನ್ನೊಂದು ದಾರಿಯಲ್ಲಿ ಮಾತು ಹೋಗುತ್ತದೆ. ಅದು ಆರ್‌ಟಿಪಿ ಅನ್ನುವ ರೂಪದಲ್ಲಿ, ಯುಡಿಪಿ ಮೇಲೆ (ಟಿಸಿಪಿ ಕಳೆದ ಪ್ಯಾಕೆಟ್ ಅನ್ನು ಮತ್ತೆ ತರಿಸುತ್ತದೆ, ಯುಡಿಪಿ ತರಿಸುವುದಿಲ್ಲ), ಬೇರೆ ಪೋರ್ಟಿನಲ್ಲಿ, ಬಹಳ ಸಲ ಬೇರೆ ಸರ್ವರ್‌ಗೇ. ರಿಂಗ್ ಆಯಿತು ಅಂದರೆ ಮೊದಲ ದಾರಿ ತೆರೆದಿದೆ ಅಂತ ಅಷ್ಟೇ.

ನಾನು ನೋಡಿದ ಅಲೋ ಲಿಸ್ಟ್‌ಗಳಲ್ಲಿ ಜಾಸ್ತಿ ಎಡವಟ್ಟು ಆಗುವುದು ಇಲ್ಲೇ. ಸರ್ವಿಸ್ ಕೊಡುವವರ ಡೊಮೈನ್ ಹೆಸರು ಹಾಕುತ್ತಾರೆ, 443 ತೆರೆಯುತ್ತಾರೆ, ಕೆಲಸ ಮುಗಿಯಿತು ಅಂತ ಎದ್ದು ಬಿಡುತ್ತಾರೆ. ಆದರೆ ಮಾತಿನ ಪ್ಯಾಕೆಟ್‌ಗೆ ಹೆಸರು ಬೇಕಾಗಿಯೇ ಇಲ್ಲ. ಕರೆ ಕೂಡುವಾಗ ಸಿಗ್ನಲಿಂಗ್ ಒಳಗೇ "ಈ ಐಪಿಗೆ, ಈ ಪೋರ್ಟಿಗೆ ಧ್ವನಿ ಕಳಿಸು" ಅಂತ ಬರಿಯ ಅಂಕಿ ಬರುತ್ತದೆ. ಹೆಸರು ಕೊಟ್ಟರೆ ಐಪಿ ಅಂಕಿ ಹೇಳುವ ಡಿಎನ್‌ಎಸ್ ಅನ್ನು ಫೋನ್ ಕೇಳುವುದೇ ಇಲ್ಲ, ಸೀದಾ ಆ ಅಂಕಿಗೆ ಕಳಿಸುತ್ತದೆ. ಹಾಗಾಗಿ ಹೆಸರಿನ ರೂಲ್ ಎಷ್ಟೇ ಚೆಂದ ಬರೆದರೂ ಆ ಪ್ಯಾಕೆಟ್‌ಗೆ ಅದು ತಾಗುವುದಿಲ್ಲ. ಮಾತಿಗೆ ಐಪಿ ರೇಂಜ್ ಮತ್ತು ಯುಡಿಪಿ ಪೋರ್ಟ್ ಹಾಕಲೇಬೇಕು.

ಸಿಗ್ನಲಿಂಗ್‌ಗೆ ಹೆಸರಿನ ರೂಲ್ ನಡೆಯುತ್ತದೆ, ಅಲ್ಲೂ ಒಂದು ಸಿಕ್ಕು ಇದೆ. ಫೈರ್‌ವಾಲ್ ತನ್ನ ಡಿಎನ್‌ಎಸ್‌ನಲ್ಲಿ ಆ ಹೆಸರನ್ನು ಕೇಳಿ ಒಂದು ಐಪಿ ಬರೆದಿಟ್ಟುಕೊಂಡಿರುತ್ತದೆ. ಲ್ಯಾಪ್‌ಟಾಪ್ ಗೂಗಲ್‌ನ ಡಿಎನ್‌ಎಸ್ ಆದ 8.8.8.8 ಕೇಳಿ ಬೇರೆ ಐಪಿ ತಂದಿರುತ್ತದೆ. ಹೆಸರು ಒಂದೇ, ಅಂಕಿ ಬೇರೆ, ಪ್ಯಾಕೆಟ್ ಡ್ರಾಪ್. ಆಫೀಸಿನ ಎಲ್ಲ ಯಂತ್ರಗಳೂ ಫೈರ್‌ವಾಲ್ ಬಳಸುವ ಡಿಎನ್‌ಎಸ್‌ ಅನ್ನೇ ಬಳಸಲಿ.

ಫೌಂಡ್ರಿಯಲ್ಲಿ ಆಗಿದ್ದು ಇದೇ. ರೂಲ್‌ನಲ್ಲಿ ಒಂದು ಹೆಸರು, 5060, ಅಷ್ಟೇ. ಸರ್ವಿಸ್‌ನವರು ಕಳಿಸಿದ ಈಮೇಲ್ ತೆಗೆಸಿ ಕೆಳಗಿನವರೆಗೆ ಓದಿದೆ. ಮಾತಿಗೆ ಯುಡಿಪಿ 10000ರಿಂದ 20000, ಜೊತೆಗೆ ಒಂದು ಐಪಿ ಬ್ಲಾಕ್ ಅಂತ ಸ್ಪಷ್ಟವಾಗಿ ಬರೆದಿತ್ತು. ಆಸ್ಟರಿಸ್ಕ್ ಅನ್ನುವ ಫೋನ್ ಸಾಫ್ಟ್‌ವೇರ್ ಆಧಾರಿತ ಸರ್ವರ್‌ಗಳಲ್ಲಿ ಈ ರೇಂಜ್ ತುಂಬಾ ಸಾಮಾನ್ಯ.

ಎರಡೂ ಕಡೆ ಯಾಕೆ ಸುಮ್ಮನಾಗಿತ್ತು? ಫೈರ್‌ವಾಲ್ ಒಳಗಿಂದ ಹೊರಗೆ ಹೋದದ್ದನ್ನು ನೆನಪಿಟ್ಟು, ಅದಕ್ಕೆ ಉತ್ತರವಾಗಿ ಬಂದದ್ದನ್ನು ಒಳಗೆ ಬಿಡುತ್ತದೆ. ನಮ್ಮ ಕಡೆಯ ಮೊದಲ ಪ್ಯಾಕೆಟ್ಟೇ ಹೊರಗೆ ಹೋಗದಿದ್ದಾಗ ಅವರ ಮಾತು ಒಳಗೆ ಬರಲು ಬಾಗಿಲು ಎಲ್ಲಿ? ಹೊರಗೆ ಹೋಗುವ ರೂಲ್ ಒಂದನ್ನು ಸೇರಿಸಿದೆ, ಎರಡೂ ಕಡೆ ಮಾತು ಬಂತು. ಹೊರಗಿಂದ ಒಳಗೆ ಪೋರ್ಟ್ ಫಾರ್ವರ್ಡ್ ಮಾಡುವ ಅಗತ್ಯ ಬೀಳಲಿಲ್ಲ. ದಯವಿಟ್ಟು ಮಾಡಲೂ ಬೇಡಿ. 5060 ಇಂಟರ್ನೆಟ್‌ಗೆ ತೆರೆದಿಟ್ಟರೆ ಪಾಸ್‌ವರ್ಡ್ ಹುಡುಕುವ ಬಾಟ್‌ಗಳು ಸಂಜೆಯೊಳಗೆ ಬಂದು ಕದ ತಟ್ಟುತ್ತವೆ, ಸಿಕ್ಕಿದರೆ ನಿಮ್ಮ ಖರ್ಚಿನಲ್ಲಿ ವಿದೇಶಕ್ಕೆ ಕರೆ ಮಾಡುತ್ತವೆ.

ಲಾಗ್ ಖಾಲಿ ಇದ್ದರೆ

"ಲಾಗ್‌ನಲ್ಲಿ ಏನೂ ಬ್ಲಾಕ್ ಆಗಿಲ್ಲ ಸರ್" ಅಂತ ಹೇಳುವವರು ಬಹಳ. ರೂಲ್ ಪಟ್ಟಿಯ ಕೊನೆಗೆ ಎಲ್ಲವನ್ನೂ ತಡೆಯುವ ಒಂದು ಸಾಲು ಇರುತ್ತದೆ ಅಲ್ವಾ, ಹಲವು ಫೈರ್‌ವಾಲ್‌ಗಳಲ್ಲಿ ಆ ಸಾಲಿನ ಲಾಗ್ ಮೊದಲಿಂದಲೇ ಆಫ್ ಇರುತ್ತದೆ. ತಡೆದದ್ದು ನಿಜ, ಬರೆದಿಟ್ಟಿಲ್ಲ ಅಷ್ಟೇ. ಅದನ್ನು ಆನ್ ಮಾಡಿ, ಒಂದು ಫೋನಿನ ಐಪಿ ಮಾತ್ರ ಫಿಲ್ಟರ್ ಹಾಕಿ, ಒಂದು ಕರೆ ಮಾಡಿಸಿ. ಹತ್ತು ಸಾಲು ಸಾಕು, ದೋಷದ ಅರ್ಧ ಕಥೆ ಅಲ್ಲೇ ಇರುತ್ತದೆ.

ಉಳಿದರ್ಧಕ್ಕೆ ಪ್ಯಾಕೆಟ್ ಕ್ಯಾಪ್ಚರ್. ಒಳಗಿನ ಇಂಟರ್‌ಫೇಸ್‌ನಲ್ಲೊಂದು, ಹೊರಗಿನದರಲ್ಲೊಂದು ಹಿಡಿಯಿರಿ. ವೈರ್‌ಶಾರ್ಕ್‌ನ ಟೆಲಿಫೋನಿ ಮೆನುವಿನಲ್ಲಿ ವಾಯ್ಪ್ ಕಾಲ್ಸ್ ತೆರೆದರೆ ಯಾವ ಸಂದೇಶ ಯಾವ ಕಡೆಗೆ ಹೋಯಿತು ಅಂತ ಬಾಣ ಹಾಕಿ ತೋರಿಸುತ್ತದೆ. ಧ್ವನಿಯನ್ನು ಅಂಕಿಯಾಗಿಸುವ ಜಿ.711 ವಿಧಾನದ ಸಾಮಾನ್ಯ ಕರೆಯಲ್ಲಿ ಒಂದೊಂದು ಕಡೆ ಸೆಕೆಂಡಿಗೆ 50 ಪ್ಯಾಕೆಟ್ ಕಾಣಬೇಕು, 20 ಮಿಲಿಸೆಕೆಂಡಿಗೆ ಒಂದು. ಒಳಗೆ 50 ಕಂಡು ಹೊರಗೆ ಸೊನ್ನೆ ಕಂಡರೆ ಕಳ್ಳ ನಿಮ್ಮ ಪೆಟ್ಟಿಗೆಯೊಳಗೇ ಇದ್ದಾನೆ. ಹೊರಗೂ 50 ಹೋಗಿ ಏನೂ ತಿರುಗಿ ಬರದಿದ್ದರೆ ಸರ್ವಿಸ್‌ನವರಿಗೆ ಆ ಫೈಲ್ ಕಳಿಸಿ ಮಾತಾಡಿ. ಫೈಲ್ ಇಲ್ಲದೆ ಫೋನ್ ಮಾಡಿದರೆ "ರೂಟರ್ ಆಫ್ ಮಾಡಿ ಆನ್ ಮಾಡಿ" ಅನ್ನುತ್ತಾರೆ.

ಇನ್ನು ಸ್ಪೀಡ್ ಜಾಸ್ತಿ ಮಾಡಿಸಿ ಅನ್ನುವ ಸಲಹೆ. ಆ ಒಂದು ಕರೆಗೆ ಒಂದು ಕಡೆಗೆ ಹೆಚ್ಚೆಂದರೆ 90 ಕೆಬಿಪಿಎಸ್ ಹತ್ತಿರ ಬೇಕು. ಹತ್ತು ಜನ ಒಟ್ಟಿಗೆ ಮಾತಾಡಿದರೂ 1 ಎಂಬಿಪಿಎಸ್ ತುಂಬುವುದಿಲ್ಲ. ಪ್ಲಾನ್ ದೊಡ್ಡದು ಮಾಡಿಸಿದರೆ ಮುಚ್ಚಿದ ಪೋರ್ಟ್ ತೆರೆಯುವುದಿಲ್ಲ.

ಮೂವತ್ತೆರಡನೇ ಸೆಕೆಂಡ್

ಮಂಗಳವಾರ ಮತ್ತೆ ಅಕ್ಕಾರ ಫೋನ್. "ಈಗ ಮಾತ್ ಬರತೈತ್ರಿ, ಅರ್ಧಕ್ಕs ಕಟ್ ಆಗತೈತಿ." ಹೋಗಿ ಸ್ಟಾಪ್‌ವಾಚ್ ಹಿಡಿದೆ. ಎತ್ತಿದ ಕ್ಷಣದಿಂದ 32 ಸೆಕೆಂಡ್. ಇನ್ನೊಮ್ಮೆ, 32. ಮಗದೊಮ್ಮೆ, 32. ಒಳಬರುವ ಕರೆ ಪೂರ್ತಿ ಸರಿ, ಹೊರಹೋಗುವ ಕರೆಗೆ ಮಾತ್ರ ಹೀಗೆ.

ಈ 32 ಅಂಕಿ ಸುಮ್ನೆ ಬಂದದ್ದಲ್ಲ. ಸಿಪ್ ನಿಯಮದಲ್ಲಿ ಕರೆ ಎತ್ತಿದ ಕಡೆಯಿಂದ 200 ಓಕೆ ಬರುತ್ತದೆ, ಕರೆ ಮಾಡಿದವರು ಅದಕ್ಕೆ ಆ್ಯಕ್ ಅನ್ನುವ ಮರುತ್ತರ ಕೊಡಬೇಕು. ಆ್ಯಕ್ ಬರದಿದ್ದರೆ ಆ ಕಡೆಯವರು 200 ಓಕೆಯನ್ನು ಮತ್ತೆ ಮತ್ತೆ ಕಳಿಸುತ್ತಾರೆ. ಮೊದಲು ಅರ್ಧ ಸೆಕೆಂಡಿಗೆ, ಆಮೇಲೆ ಒಂದು, ಎರಡು, ಮುಂದೆ ನಾಲ್ಕು ನಾಲ್ಕು ಸೆಕೆಂಡಿಗೊಮ್ಮೆ. ಮೂಲ ಟೈಮರ್ 500 ಮಿಲಿಸೆಕೆಂಡ್. ಅದರ 64 ಪಟ್ಟು ಕಾದು, ಅಂದರೆ 32 ಸೆಕೆಂಡ್ ಆದ ಮೇಲೆ, ಕೈಚೆಲ್ಲಿ ಕರೆ ಕತ್ತರಿಸುತ್ತಾರೆ. ಅಷ್ಟು ಹೊತ್ತು ಮಾತು ಮಾತ್ರ ಚೆನ್ನಾಗಿಯೇ ನಡೆದಿರುತ್ತದೆ, ಅದರ ದಾರಿ ಬೇರೆ ನೋಡಿ.

ಕ್ಯಾಪ್ಚರ್ ತೆಗೆದೆ. 200 ಓಕೆ ಸಾಲುಸಾಲಾಗಿ ಬರುತ್ತಿದೆ, ನಮ್ಮ ಫೋನ್ ಪ್ರತಿ ಸಲ ಆ್ಯಕ್ ಕಳಿಸುತ್ತಿದೆ. ಆದರೆ ಮೊದಲು ಕರೆ ಕಳಿಸಿದ ಐಪಿಗೆ ಅಲ್ಲ, ಇನ್ನೊಂದಕ್ಕೆ. 200 ಓಕೆಯ ಕಾಂಟ್ಯಾಕ್ಟ್ ಸಾಲಿನಲ್ಲಿ ಸರ್ವಿಸ್‌ನವರ ಎರಡನೇ ಸರ್ವರ್‌ನ ಐಪಿ ಇತ್ತು. ನನ್ನ ಹೊಸ ರೂಲ್ ಆ ಸರ್ವರ್‌ಗೆ 10000ರಿಂದ 20000 ಬಿಟ್ಟಿತ್ತು, 5060 ಬಿಟ್ಟಿರಲಿಲ್ಲ. ತಪ್ಪು ಬೇರೆಯವರದಲ್ಲ, ನಾನೇ ಹಿಂದಿನ ದಿನ ಬರೆದ ರೂಲ್. ಇನ್ನೊಂದು ಸಣ್ಣ ಗುರುತು ಇದಕ್ಕೆ ಹೊಂದುತ್ತಿತ್ತು: ಅಕ್ಕಾರು ಫೋನ್ ಇಟ್ಟರೂ ಪುಣೆ ಕಡೆ ಲೈನ್ ಕಟ್ ಆಗದೆ ಹಾಗೇ ಇರುತ್ತಿತ್ತು. ಇಟ್ಟ ಸುದ್ದಿಯೂ ಅದೇ ಐಪಿಗೇ ಹೋಗಬೇಕಲ್ಲ. ಪೂರ್ತಿ ಬ್ಲಾಕಿಗೆ ಸಿಪ್ ಪೋರ್ಟ್ ಬಿಟ್ಟೆ, ಹೋಯಿತು ಕಾಟ.

ಇದೇ 32 ಸೆಕೆಂಡಿಗೆ ಇನ್ನೊಂದು ಕಾರಣ ಸಿಪ್ ಎಎಲ್‌ಜಿ. ಸಿಪ್ ಸಂದೇಶದೊಳಗಿನ 192.168 ಅಡ್ರೆಸ್ ತೆಗೆದು ಹೊರಗಿನ ಐಪಿ ಬರೆದು ಸಹಾಯ ಮಾಡಬೇಕಾದ ಸೌಲಭ್ಯ ಇದು. ಮಾಡುವ ಉಪಕಾರಕ್ಕಿಂತ ಅಪಕಾರ ಹೆಚ್ಚು. ಅರ್ಧ ಬದಲಿಸುತ್ತದೆ, ಅರ್ಧ ಬಿಡುತ್ತದೆ. ಈಗಿನ ಕ್ಲೌಡ್ ಸರ್ವರ್‌ಗಳು ನ್ಯಾಟ್ (ಒಳಗಿನ ಐಪಿಗಳನ್ನು ರೂಟರ್ ಹೊರಗಿನ ಐಪಿಯಾಗಿ ಬದಲಿಸುವುದು) ಹಿಂದಿರುವ ಫೋನನ್ನು ತಾವೇ ಗುರುತಿಸಿ ಸಂಭಾಳಿಸುತ್ತವೆ, ನಡುವೆ ಇನ್ನೊಬ್ಬ ಕೈ ಹಾಕಿದಾಗಲೇ ಗೋಜಲು. ಮೈಕ್ರೋಟಿಕ್‌ನಲ್ಲಿ ಐಪಿ, ಫೈರ್‌ವಾಲ್, ಸರ್ವಿಸ್ ಪೋರ್ಟ್ಸ್ ಪುಟದ ಸಿಪ್ ಸಾಲು ಆಫ್ ಮಾಡಿ. ಬ್ರಾಡ್‌ಬ್ಯಾಂಡ್ ಜೊತೆ ಬರುವ ರೂಟರ್‌ಗಳಲ್ಲಿ ನ್ಯಾಟ್ ಅಥವಾ ಸೆಕ್ಯುರಿಟಿ ಪುಟದಲ್ಲಿ ಎಎಲ್‌ಜಿ ಹುಡುಕಿ. ಆಫ್ ಮಾಡಿದ ಮೇಲೆ ಫೋನ್‌ಗಳನ್ನು ರೀಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಹಳೆಯ ಸೆಷನ್ ಹಾಗೇ ಕೂತಿರುತ್ತದೆ.

ಒಂದು 255 ಜಾಗ ತಪ್ಪಿದಾಗ

ಗುರುವಾರದ್ದು ಟೀಮ್ಸ್. ಪುಣೆಯವರ ಜೊತೆ ಡ್ರಾಯಿಂಗ್ ನೋಡುವ ಮೀಟಿಂಗ್, ಮುಖ ಕಲ್ಲಾಗಿ ನಿಂತುಬಿಡುತ್ತದೆ, ಮಾತು ತುಂಡು ತುಂಡು. ಹತ್ತರಲ್ಲಿ ಒಂದು ಮೀಟಿಂಗ್ ಮಾತ್ರ ಯಾಕೋ ಚೆನ್ನಾಗಿ ಬರುತ್ತದೆ.

ಇಂಥ ಸರ್ವಿಸ್‌ಗಳು ಯುಡಿಪಿ ಸಿಗದಿದ್ದರೆ ಸುಮ್ಮನಾಗುವುದಿಲ್ಲ, ಟಿಸಿಪಿ 443 ಹಿಡಿದು ನಡೆಸುತ್ತವೆ. ಅದಕ್ಕೇ ದೋಷ ಅಡಗಿ ಕೂರುತ್ತದೆ. ಟಿಸಿಪಿ ಒಂದು ಪ್ಯಾಕೆಟ್ ಕಳೆದರೆ ಅದನ್ನು ಮತ್ತೆ ತರಿಸುವವರೆಗೆ ಅದರ ಬೆನ್ನಿಗೆ ಬಂದವನ್ನೆಲ್ಲ ನಿಲ್ಲಿಸಿಕೊಳ್ಳುತ್ತದೆ. ಫೈಲಿಗೆ ಅದು ಒಳ್ಳೆಯದು. ಮಾತಿಗೆ ಅಲ್ಲ, ಎರಡು ಸೆಕೆಂಡ್ ತಡವಾಗಿ ಬಂದ "ಹೌದ್ರಿ" ಯಾರಿಗೆ ಬೇಕು?

ಫೈರ್‌ವಾಲ್‌ನ ಸೆಷನ್ ಪಟ್ಟಿ ತೆರೆದು ಆ ಲ್ಯಾಪ್‌ಟಾಪ್‌ನ ಐಪಿ ಹಾಕಿ ನೋಡಿದೆ. ಮೀಟಿಂಗ್ ನಡೆಯುತ್ತಿರುವಾಗ ಬರೀ 443 ಟಿಸಿಪಿ, ಒಂದೂ ಯುಡಿಪಿ ಇಲ್ಲ. ರೂಲ್ ಇತ್ತು, ಯುಡಿಪಿ 3478ರಿಂದ 3481 ಸರಿಯಾಗಿಯೇ ಇತ್ತು. ಇವುಗಳಲ್ಲಿ 3479 ಧ್ವನಿಗೆ, 3480 ವಿಡಿಯೋಗೆ, 3481 ಸ್ಕ್ರೀನ್ ಹಂಚಿಕೆಗೆ. ಮೈಕ್ರೋಸಾಫ್ಟ್ ಪ್ರಕಟಿಸುವ ಪಟ್ಟಿಯಲ್ಲಿ ಟೀಮ್ಸ್ ಮೀಡಿಯಾಗೆ ಇರುವುದು 52.112.0.0/14 ಮತ್ತು 52.122.0.0/15. ರೂಲ್‌ನಲ್ಲಿ 52.112.0.0 ಕಂಡಿತು. ಎದುರಿಗೆ ಬ್ಲಾಕ್ ಎಷ್ಟು ದೊಡ್ಡದು ಅಂತ ಹೇಳುವ ಮಾಸ್ಕ್ (/14 ಥರದ್ದನ್ನೇ ಬರೆಯುವ ಇನ್ನೊಂದು ರೀತಿ): 255.255.252.0.

ಮೂರು ಸಲ ಓದಿದ ಮೇಲೆ ಹೊಳೆಯಿತು. /14 ಅಂದರೆ 255.252.0.0. ಟೈಪ್ ಮಾಡುವಾಗ 255 ಒಂದು ಹೆಚ್ಚು ಬಿದ್ದು 252 ಒಂದು ಮನೆ ಬಲಕ್ಕೆ ಸರಿದಿತ್ತು, ಅದು /22 ಆಗಿ ಕೂತಿತ್ತು. 52.115.255.255ರವರೆಗೆ ಇರಬೇಕಾದ 2,62,144 ಅಡ್ರೆಸ್‌ಗಳಲ್ಲಿ ಬರೀ 1,024ಕ್ಕೆ ದಾರಿ. ಎರಡನೇ ಬ್ಲಾಕ್ ಇರಲೇ ಇಲ್ಲ. ಹತ್ತರಲ್ಲಿ ಒಂದು ಮೀಟಿಂಗ್ ಸರಿಯಾಗಿದ್ದರೆ ಅದು ಬಹುಶಃ 443ರ ಪುಣ್ಯ, ಆ ಹೊತ್ತಿಗೆ ಲೈನ್ ಖಾಲಿ ಇದ್ದಿರಬೇಕು. ಅಂದಿನಿಂದ ನಾನು ಮಾಸ್ಕ್ ಬರೆಯುವುದನ್ನೇ ಬಿಟ್ಟೆ, ಪೆಟ್ಟಿಗೆ ಒಪ್ಪಿದರೆ /14 ಅಂತಲೇ ಹಾಕುತ್ತೇನೆ.

ಬೇರೆಯವುಗಳ ಪೋರ್ಟ್ ಕೂಡ ಇಲ್ಲೇ ಹೇಳಿಬಿಡುತ್ತೇನೆ. ಝೂಮ್ ಮೀಟಿಂಗ್‌ಗೆ ಯುಡಿಪಿ 3478, 3479 ಮತ್ತು 8801ರಿಂದ 8810, ಟಿಸಿಪಿಯಲ್ಲಿ 443, 8801, 8802. ಗೂಗಲ್ ಮೀಟ್‌ಗೆ ಯುಡಿಪಿ 3478. ವೆಬೆಕ್ಸ್‌ಗೆ ಯುಡಿಪಿ 5004 ಮತ್ತು 9000. ಐಪಿ ರೇಂಜ್‌ಗಳನ್ನು ಆಯಾ ಕಂಪನಿಯ ಪುಟದಿಂದಲೇ ಎತ್ತಿಕೊಳ್ಳಿ, ನನ್ನ ಬರಹದಿಂದಲೂ ಬೇಡ, ಗೆಳೆಯ ಕಳಿಸಿದ ವಾಟ್ಸ್ಆ್ಯಪ್ ಫೋಟೋದಿಂದಲೂ ಬೇಡ. ಅವು ಬದಲಾಗುತ್ತವೆ. ರೂಲ್‌ನ ಟಿಪ್ಪಣಿಯಲ್ಲಿ ಯಾವ ದಿನ ಎತ್ತಿಕೊಂಡದ್ದು ಅಂತ ಬರೆದಿಡಿ. ಜೊತೆಗೆ ಎಸ್‌ಎಸ್‌ಎಲ್ ಬಿಚ್ಚಿ ನೋಡುವ ಇನ್‌ಸ್ಪೆಕ್ಷನ್ ಇದ್ದರೆ ಈ ಸರ್ವಿಸ್‌ಗಳನ್ನು ಅದರಿಂದ ಹೊರಗಿಡಿ. ರೂಲ್‌ಗಳನ್ನು ಮೇಲಿಂದ ಕೆಳಗೆ ಓದಲಾಗುತ್ತದೆ, ಮೊದಲು ಹೊಂದಿದ್ದೇ ಗೆಲ್ಲುತ್ತದೆ. ನಿಮ್ಮ ಅಲೋ ಸಾಲು ತಡೆಯುವ ಸಾಲಿನ ಮೇಲಿದೆಯೇ ನೋಡಿ.

ಪರೀಕ್ಷೆ ಮಾಡುವಾಗ ಒಂದು ಮೋಸ ನೆನಪಿರಲಿ. ಟೆಲ್ನೆಟ್ ಆಗಲಿ, ವಿಂಡೋಸ್ ಪವರ್‌ಶೆಲ್‌ನ ಟೆಸ್ಟ್ ನೆಟ್ ಕನೆಕ್ಷನ್ ಆಗಲಿ ನೋಡುವುದು ಟಿಸಿಪಿ ಮಾತ್ರ. "ಪೋರ್ಟ್ ಟೆಸ್ಟ್ ಪಾಸಾಯ್ತು" ಅಂದರೆ ಯುಡಿಪಿ ಬಗ್ಗೆ ಏನೂ ಗೊತ್ತಾಗಿಲ್ಲ. ನಿಜವಾದ ಮೀಟಿಂಗ್ ಹಚ್ಚಿ ಸೆಷನ್ ಪಟ್ಟಿ ನೋಡುವುದೇ ಗಟ್ಟಿ ಪರೀಕ್ಷೆ.

ಎರಡು ಲೈನ್ ಇರುವ ಆಫೀಸು

ಮಳೆ ಶುರುವಾದರೆ ನಮ್ಮ ಕಡೆ ಫೈಬರ್ ಹೋಗುವುದು ಮಾಮೂಲು. ಅದಕ್ಕೆ ಬಹಳ ಆಫೀಸಿನವರು ಎರಡು ಕಂಪನಿಯ ಲೈನ್ ಹಾಕಿಸಿರುತ್ತಾರೆ. ವಿಜಯಪುರದ ಒಬ್ಬ ಒಣದ್ರಾಕ್ಷಿ ವ್ಯಾಪಾರಿಯ ಆಫೀಸಿನಲ್ಲೂ ಹಾಗೇ. ಮೊದಲ ಲೈನ್ ಹೋದ ಕೂಡಲೇ ಇಂಟರ್ನೆಟ್ ಎರಡನೆಯದಕ್ಕೆ ಹೊರಳುತ್ತದೆ, ಬ್ರೌಸರ್ ಓಡುತ್ತದೆ, ಫೋನ್ ಮಾತ್ರ ಸತ್ತುಬೀಳುತ್ತದೆ. ಲಾಗ್‌ನಲ್ಲಿ 403, ಅಂದರೆ ಆ ಕಡೆಯವರು ಅನುಮತಿ ಇಲ್ಲ ಅಂದಿದ್ದಾರೆ. ಅಲೋ ಲಿಸ್ಟ್ ಇರುವುದು ನಮ್ಮ ಪೆಟ್ಟಿಗೆಯಲ್ಲಿ ಮಾತ್ರ ಅಲ್ಲ. ಸಿಪ್ ಟ್ರಂಕ್ (ಇಂಟರ್ನೆಟ್ ಮೇಲಿನ ಫೋನ್ ಲೈನ್) ಕೊಡುವವರೂ ನಮ್ಮ ಸ್ಟ್ಯಾಟಿಕ್, ಅಂದರೆ ಬದಲಾಗದ ಐಪಿಯನ್ನು ಅವರ ಕಡೆ ಬರೆದಿಟ್ಟುಕೊಂಡಿರುತ್ತಾರೆ. ಎರಡನೇ ಲೈನಿನ ಐಪಿ ಅಲ್ಲಿ ಇರಲಿಲ್ಲ. ಅದನ್ನೂ ಕೊಟ್ಟು ಸೇರಿಸಬೇಕು. ರೂಟರ್‌ನ ಹೊರಗಿನ ಐಪಿ 100.64ರಿಂದ 100.127ರ ನಡುವೆ ಇದ್ದರೆ ಅದು ಹಂಚಿಕೊಂಡ ಐಪಿ, ಕೊಟ್ಟರೂ ಪ್ರಯೋಜನ ಇಲ್ಲ. ಸ್ಟ್ಯಾಟಿಕ್ ಕೇಳಿ ಪಡೆಯಿರಿ.

ಎರಡೂ ಲೈನನ್ನು ಒಟ್ಟಿಗೆ ಓಡಿಸುವ ಲೋಡ್ ಬ್ಯಾಲೆನ್ಸ್ ಇದ್ದರೆ ಸಿಗ್ನಲಿಂಗ್ ಒಂದರಲ್ಲಿ, ಮಾತು ಇನ್ನೊಂದರಲ್ಲಿ ಹೋಗಿ ಸರ್ವರ್ ತಬ್ಬಿಬ್ಬಾಗುತ್ತದೆ. ಫೋನ್‌ಗಳ ಐಪಿಗಳನ್ನು ಒಂದೇ ಲೈನಿಗೆ ಕಟ್ಟಿಹಾಕಿ, ಅದು ಬಿದ್ದಾಗ ಮಾತ್ರ ಇನ್ನೊಂದಕ್ಕೆ ಹೋಗಲಿ.

ಮುಂಜಾನೆ ಮೊದಲ ಒಳಬರುವ ಕರೆ ಮಾತ್ರ ಬರುವುದಿಲ್ಲ, ಒಮ್ಮೆ ಹೊರಗೆ ಕರೆ ಮಾಡಿದ ಮೇಲೆ ಸರಿಹೋಗುತ್ತದೆ ಅಂದರೆ ಅದು ನ್ಯಾಟ್ ಮರೆವು. ಕೆಲವು ರೂಟರ್‌ಗಳು ಸುಮ್ಮನಿರುವ ಯುಡಿಪಿ ಸೆಷನ್ ಅನ್ನು 30 ಸೆಕೆಂಡಿಗೇ ಅಳಿಸುತ್ತವೆ. ಫೋನಿನಲ್ಲಿ ಕೀಪ್ ಅಲೈವ್, ಅಂದರೆ ಸೆಷನ್ ಮರೆಯದಂತೆ ಆಗಾಗ ಕಳಿಸುವ ಪ್ಯಾಕೆಟ್, 20 ಸೆಕೆಂಡಿಗೆ ಇಡಿ.

ಕೊನೆಯ ಪರೀಕ್ಷೆಗೆ 16 ನಿಮಿಷ

ಎಲ್ಲ ಸರಿಹೋಯಿತು ಅಂತ ಎರಡು ನಿಮಿಷ ಮಾತಾಡಿ ಎದ್ದು ಹೋಗಬೇಡಿ. ಸಿಪ್‌ನಲ್ಲಿ ಸೆಷನ್ ಟೈಮರ್ ಅಂತ ಇನ್ನೊಂದಿದೆ, ಸಾಮಾನ್ಯವಾಗಿ 1800 ಸೆಕೆಂಡ್. ಅದರ ಅರ್ಧಕ್ಕೆ, ಅಂದರೆ 15ನೇ ನಿಮಿಷಕ್ಕೆ, ಕರೆ ಇನ್ನೂ ಜೀವಂತ ಇದೆಯೇ ಅಂತ ಒಂದು ಸಂದೇಶ ಹೋಗುತ್ತದೆ. ಅದು ಎಲ್ಲಾದರೂ ತಡೆದು ಉತ್ತರ ಬರದಿದ್ದರೆ ಕರೆ ಕಟ್. ಮೂವತ್ತೆರಡರ ದೋಷ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ, ಇದು ಸಿಗಲು ಕೂತು ಕಾಯಬೇಕು.

ಶುಕ್ರವಾರ ಸಂಜೆ ಅಕ್ಕಾರ ಟೇಬಲ್ ಫೋನಿನಿಂದ ನನ್ನ ಮೊಬೈಲಿಗೆ ಕರೆ ಹಚ್ಚಿಸಿದೆ. ಅವರು ಅಲ್ಲಿ, ನಾನು ಗೋಡೆಯ ಆ ಕಡೆ ರ‍್ಯಾಕ್ ಮುಂದೆ. ಮೊದಲ ಐದು ನಿಮಿಷ ಜಿಎಸ್‌ಟಿ ಬಗ್ಗೆ ಮಾತಾಯಿತು. ಆಮೇಲೆ ವಿಷಯ ಮುಗಿದು, ಬಾಕಿ ಬಿಲ್‌ಗಳ ನಂಬರ್‌ಗಳನ್ನು ಒಂದೊಂದಾಗಿ ಓದತೊಡಗಿದರು. ಹದಿನೈದನೇ ನಿಮಿಷಕ್ಕೆ ಪರದೆಯ ಮೇಲೆ ಒಂದು ಸಂದೇಶ ಹೋಯಿತು, 200 ಓಕೆ ಬಂತು, ಆ್ಯಕ್ ಹೋಯಿತು. ಬಿಲ್ ಓದುವ ದನಿ ನಿಲ್ಲಲಿಲ್ಲ. ಹದಿನಾರು ದಾಟಿದ ಮೇಲೆ ಅವರೇ ಕೇಳಿದರು.

"ಈಗರ ಇಡ್ಲೇನ್ರೀ? ಚಾ ಆರಾಕತ್ತೈತಿ."